ಕಂಡದ್ದು, ಕಾಣಿಸಿದ್ದು

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ಕಣ್ಣಿಗೆ ಬಿದ್ದುದನ್ನೂ ಒಮ್ಮೆ ವಿಚಾರಿಸಿಯೇ ನಂಬಬೇಕೆಂದು ಹೇಳಿದ ಆ ಹಿರಿಯರ ಕಾಲದಲ್ಲಿ ಛಾಯಾಚಿತ್ರವಿರಲಿಲ್ಲ. ಇದ್ದಿದ್ದರೆ ಆ ಮಾತನ್ನು ಅವರು ಇನ್ನೂ ಒತ್ತಿ ಹೇಳುತ್ತಿದ್ದರೋ ಏನೋ! ಏಕೆಂದರೆ, ಬರೆದ ಮಾತನ್ನು ಸಂದೇಹಿಸುವ ನಾವು ಛಾಯಾಚಿತ್ರವನ್ನು ಅಷ್ಟು ಸುಲಭವಾಗಿ ಸಂದೇಹಿಸುವುದಿಲ್ಲ. ಪ್ರವಾಹವು ಭೀಕರವಾಗಿತ್ತೆಂದು ವರದಿಗಾರನು ಬರೆದರೆ 'ಇದ್ದರೂ ಇರಬಹುದು' ಎಂದುಕೊಂಡು ಪುಟ ಮಗುಚುತ್ತೇವೆ. ಅದೇ ಪುಟದಲ್ಲಿ, ಸುತ್ತಲೂ ನೀರು ನಿಂತ ಮನೆಯ ಮಾಡಿನ ಮೇಲೆ ಕುಳಿತ ತಾಯಿಮಕ್ಕಳ ಚಿತ್ರವನ್ನು ಕಂಡರೆ ಕೈ ತಾನಾಗಿ ನಿಲ್ಲುತ್ತದೆ. 'ಅಯ್ಯೋ' ಎಂಬ ಉದ್ಗಾರ ಹೊರಡುತ್ತದೆ. ಚಿತ್ರವು ನಮಗೆ ಸಾಕ್ಷಿಯಾಗಿ ಕಾಣುತ್ತದೆ.

ಆದರೆ ಈ ಸಾಕ್ಷಿ ತಾನಾಗಿ ಬಂದು ನಿಂತದ್ದಲ್ಲ. ಯಾರೋ ಒಬ್ಬನು ಅಲ್ಲಿಗೆ ಹೋಗಿ, ಎಲ್ಲಿಯೋ ನಿಂತು, ಯಾವುದೋ ಒಂದು ಕ್ಷಣವನ್ನು ಆರಿಸಿ ನಮಗೆ ತಂದುಕೊಟ್ಟಿದ್ದಾನೆ. ಆ ಒಬ್ಬನು ಯಾರು? ಕೇವಲ ಯಂತ್ರವನ್ನು ಒತ್ತುವ ಕಸುಬುದಾರನೆ, ಅಥವಾ ಕಲಾವಿದನೆ? ಕಲಾವಿದನಾದರೆ ಕವಿಗೂ ಚಿತ್ರಗಾರನಿಗೂ ಇರುವ ಸ್ವಾತಂತ್ರ್ಯ ಅವನಿಗೂ ಉಂಟೆ? ಈ ಪ್ರಶ್ನೆಗಳು ಮೇಲುನೋಟಕ್ಕೆ ಪಂಡಿತರ ಚರ್ಚೆಯಂತೆ ತೋರಬಹುದು. ಆದರೆ ದಿನಬೆಳಗಾದರೆ ನೂರಾರು ಚಿತ್ರಗಳನ್ನು ನೋಡಿ ಅವುಗಳ ಮೇಲೆ ಲೋಕದ ಬಗೆಗಿನ ತನ್ನ ತಿಳಿವಳಿಕೆಯನ್ನು ಕಟ್ಟಿಕೊಳ್ಳುವ ಪ್ರತಿಯೊಬ್ಬನೂ ಇವನ್ನು ಕೇಳಿಕೊಳ್ಳಲೇಬೇಕು.

ಕ್ಯಾಮೆರಾ ಇದ್ದದ್ದನ್ನು ಇದ್ದಂತೆಯೇ ಹಿಡಿಯುವ ಕನ್ನಡಿ ಎಂಬುದು ಸಾಮಾನ್ಯವಾದ ನಂಬಿಕೆ. ಇದು ಅರ್ಧ ಸತ್ಯ. ಒಂದು ಊರಿನ ಜಾತ್ರೆಗೆ ಇಬ್ಬರು ಛಾಯಾಗ್ರಾಹಕರು ಹೋಗಿದ್ದಾರೆಂದು ಭಾವಿಸೋಣ. ಒಬ್ಬನು ದೇವಾಲಯದ ಜಗಲಿಯ ಮೇಲೆ ನಿಂತು ತೇರು, ಕಳಶ, ಸಾವಿರಾರು ಜನರ ತಲೆಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುತ್ತಾನೆ. ಇನ್ನೊಬ್ಬನು ಜನರ ನಡುವೆ ಮೊಣಕಾಲೂರಿ, ಅಪ್ಪನ ಹೆಗಲೇರಿ ಬಾಯಿತೆರೆದು ತೇರನ್ನು ನೋಡುತ್ತಿರುವ ಮಗುವಿನ ಮುಖವನ್ನು ಮಾತ್ರ ಹಿಡಿಯುತ್ತಾನೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಇಬ್ಬರ ಜಾತ್ರೆಯೂ ಒಂದೇ ಅಲ್ಲ. ಎಲ್ಲಿ ನಿಲ್ಲಬೇಕು, ಯಾವ ಗಳಿಗೆಗೆ ಕಾಯಬೇಕು, ಯಾವುದನ್ನು ಚೌಕಟ್ಟಿನೊಳಗೆ ತರಬೇಕು, ಯಾವುದನ್ನು ಹೊರಗಿಡಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬುದನ್ನೆಲ್ಲ ನಿರ್ಣಯಿಸುವುದು ಯಂತ್ರವಲ್ಲ, ಮನಸ್ಸು. ಈ ನಿರ್ಣಯಗಳಲ್ಲಿಯೇ ಛಾಯಾಗ್ರಹಣದ ಕಲೆ ಅಡಗಿದೆ. ಪತ್ರಿಕೆಗಾಗಿ ಚಿತ್ರ ತೆಗೆಯುವವನ ಹೊಣೆಯೂ ಇಲ್ಲಿಯೇ ಮೊದಲಾಗುತ್ತದೆ.

ಈ ಮಾತನ್ನು ಒಬ್ಬ ಶ್ರೇಷ್ಠ ಛಾಯಾಗ್ರಾಹಕರ ಬಾಳಿನ ಮೂಲಕ ಪರಿಶೀಲಿಸುವುದು ಉಚಿತ. ಅವರು ಅಮೆರಿಕದ ಡಬ್ಲ್ಯು. ಯೂಜೀನ್ ಸ್ಮಿತ್. 1918ರಲ್ಲಿ ಕಾನ್ಸಾಸ್ ಸಂಸ್ಥಾನದ ವಿಚಿಟಾ ನಗರದಲ್ಲಿ ಜನಿಸಿದ ಸ್ಮಿತ್, ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ರಣರಂಗಗಳಿಂದ ಚಿತ್ರಗಳನ್ನು ಕಳುಹಿಸುತ್ತಿದ್ದರು. 1945ರಲ್ಲಿ ಒಕಿನಾವಾ ದ್ವೀಪದಲ್ಲಿ ಸಿಡಿಗುಂಡಿನ ಚೂರುಗಳು ತಗುಲಿ ತೀವ್ರವಾಗಿ ಗಾಯಗೊಂಡು, ಸುಮಾರು ಎರಡು ವರ್ಷ ಚಿಕಿತ್ಸೆಯಲ್ಲಿ ಕಳೆದರು. ಮತ್ತೆ ಕ್ಯಾಮೆರಾ ಹಿಡಿಯುವುದು ಸಾಧ್ಯವೋ ಇಲ್ಲವೋ ಎಂಬ ಶಂಕೆಯ ದಿನಗಳಲ್ಲಿ, 1946ರಲ್ಲಿ, ಅವರು ತೆಗೆದ ಚಿತ್ರವೊಂದು ಲೋಕಪ್ರಸಿದ್ಧವಾಗಿದೆ: ಮರಗಳ ಕತ್ತಲಿನಿಂದ ಬೆಳಕಿನ ಬಯಲಿನ ಕಡೆಗೆ ಕೈಕೈ ಹಿಡಿದು ನಡೆಯುತ್ತಿರುವ ಇಬ್ಬರು ಪುಟ್ಟ ಮಕ್ಕಳು. ಅವರು ಸ್ಮಿತ್ ಅವರ ಮಕ್ಕಳೇ. ಯುದ್ಧದ ಘೋರವನ್ನು ಕಂಡು ಬಂದ ಕಣ್ಣು ಮೊದಲು ಹುಡುಕಿದ್ದು ಬೆಳಕನ್ನು.

ಆ ಕಾಲದಲ್ಲಿ 'ಲೈಫ್' ಎಂಬ ವಾರಪತ್ರಿಕೆ ಚಿತ್ರಗಳ ಮೂಲಕವೇ ಸಂಗತಿಗಳನ್ನು ನಿರೂಪಿಸುವುದರಲ್ಲಿ ಹೆಸರು ಪಡೆದಿತ್ತು. ಹತ್ತು, ಇಪ್ಪತ್ತು ಚಿತ್ರಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಪ್ರಬಂಧದಂತೆ ಆದಿ, ಮಧ್ಯ, ಅಂತ್ಯಗಳನ್ನು ಕಲ್ಪಿಸುವ ಈ ಬಗೆಗೆ ಛಾಯಾಚಿತ್ರ ಪ್ರಬಂಧ ಎಂದು ಹೆಸರು. 1948ರ ಸೆಪ್ಟೆಂಬರ್ 20ರ ಸಂಚಿಕೆಯಲ್ಲಿ ಪ್ರಕಟವಾದ ಸ್ಮಿತ್ ಅವರ 'ಹಳ್ಳಿಯ ವೈದ್ಯ' ಈ ಪ್ರಕಾರಕ್ಕೆ ಇಂದಿಗೂ ಮಾದರಿಯಾಗಿ ನಿಂತಿದೆ. ಕೊಲೊರಾಡೊ ಸಂಸ್ಥಾನದ ಕ್ರೆಮ್ಲಿಂಗ್ ಎಂಬ ಪುಟ್ಟ ಊರಿನ ಅರ್ನೆಸ್ಟ್ ಸೆರಿಯಾನಿ ಎಂಬ ತರುಣ ವೈದ್ಯರು ಅದರ ನಾಯಕರು. ಬೆಟ್ಟಗಳ ನಡುವಿನ ಸುಮಾರು 400 ಚದರ ಮೈಲಿಗಳ ಪ್ರದೇಶದಲ್ಲಿ, ಸುಮಾರು 2,000 ಜನರಿಗೆ ಅವರೊಬ್ಬರೇ ವೈದ್ಯರು.

ಸ್ಮಿತ್ ಅಲ್ಲಿಗೆ ಹೋಗಿ ಒಂದೆರಡು ದಿನಗಳಲ್ಲಿ ಕೆಲಸ ಮುಗಿಸಿ ಹಿಂದಿರುಗಬಹುದಾಗಿತ್ತು. 'ಡಾಕ್ಟರೇ, ಇತ್ತ ನೋಡಿ. ರೋಗಿಯ ಕೈ ಹಿಡಿಯಿರಿ. ಸ್ವಲ್ಪ ನಗಿ' ಎಂದರೆ ಚಿತ್ರ ಸಿದ್ಧವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಮೂರು ವಾರಗಳಿಗೂ ಹೆಚ್ಚು ಕಾಲ ವೈದ್ಯರ ನೆರಳಿನಂತೆ ಅವರ ಹಿಂದೆ ಹಿಂದೆಯೇ ಇದ್ದರು. ಮೊದಮೊದಲು ಕ್ಯಾಮೆರಾದೊಳಗೆ ಫಿಲಂ ಹಾಕದೆಯೇ ಚಿತ್ರ ತೆಗೆಯುವವರಂತೆ ಓಡಾಡಿದರಂತೆ! ಅಪರಿಚಿತನೊಬ್ಬನು ಕ್ಯಾಮೆರಾ ಹಿಡಿದು ಎದುರಿಗೆ ನಿಂತರೆ ಯಾರಿಗಾದರೂ ಸಂಕೋಚವಾಗುವುದು ಸಹಜ. ಮುಖ ಬಿಗಿಯುತ್ತದೆ, ಮಾತು ಕೃತಕವಾಗುತ್ತದೆ. ಆ ಸಂಕೋಚ ಕರಗುವವರೆಗೂ ಸ್ಮಿತ್ ಕಾದರು. ವೈದ್ಯರು ತಮ್ಮ ಪಾಡಿಗೆ ತಾವು ಕೆಲಸದಲ್ಲಿ ಮುಳುಗಿ, ಪಕ್ಕದಲ್ಲಿ ಒಬ್ಬನು ನಿಂತಿದ್ದಾನೆಂಬುದನ್ನೇ ಮರೆತ ಮೇಲೆ ನಿಜವಾದ ಚಿತ್ರಗಳು ಮೂಡತೊಡಗಿದವು.

ಆ ಪ್ರಬಂಧದ ಒಂದು ಚಿತ್ರದಲ್ಲಿ, ಮೋಡ ಕವಿದ ಆಕಾಶದ ಕೆಳಗೆ, ಕಳೆ ಬೆಳೆದ ಹಿತ್ತಲನ್ನು ದಾಟಿ, ಕೈಯಲ್ಲಿ ಚೀಲ ಹಿಡಿದು ವೈದ್ಯರು ಒಬ್ಬರೇ ನಡೆದು ಬರುತ್ತಿದ್ದಾರೆ. ಇನ್ನೊಂದರಲ್ಲಿ ರಾತ್ರಿ 2 ಗಂಟೆಯವರೆಗೆ ಶಸ್ತ್ರಚಿಕಿತ್ಸೆ ನಡೆಸಿ ಬಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಒರಗಿ ನಿಂತಿದ್ದಾರೆ. ತಲೆಯ ಮೇಲೆ ಟೊಪ್ಪಿಗೆ ಹಾಗೆಯೇ ಇದೆ. ಕೈಯಲ್ಲಿ ಕಾಫಿಯ ಬಟ್ಟಲು. ಮುಖದಲ್ಲಿ ಹೇಳಲಾಗದ ಬಳಲಿಕೆ. ಈ ಚಿತ್ರದಲ್ಲಿ ರೋಗಿಯಿಲ್ಲ, ರಕ್ತವಿಲ್ಲ, ಘಟನೆಯೂ ಇಲ್ಲ. ಘಟನೆ ಮುಗಿದ ಮೇಲಿನ ಮೌನ ಮಾತ್ರ ಇದೆ. ಸೇವೆ ಎಂಬ ಪದವನ್ನು ನಾವು ಸಭೆಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಕೇಳಿ ಕೇಳಿ ಅದು ಸವೆದ ನಾಣ್ಯದಂತಾಗಿದೆ. ಆ ಪದದ ಬೆಲೆ ಎಷ್ಟೆಂಬುದನ್ನು ಈ ಒಂದು ಚಿತ್ರ ತಿಳಿಸುತ್ತದೆ. ತಾಳ್ಮೆಯಿಲ್ಲದವನಿಗೆ ಇಂತಹ ಚಿತ್ರ ದೊರೆಯುವುದಿಲ್ಲ. ಕಾಯುವುದೇ ಪತ್ರಿಕಾ ಛಾಯಾಗ್ರಾಹಕನ ಮೊದಲ ಕಲೆ ಎಂದು ನಾನು ತಿಳಿದಿದ್ದೇನೆ.

ಇಂತಹ ಕಲೆಯಿಂದ ಲೋಕಕ್ಕೆ ಏನು ಪ್ರಯೋಜನ ಎಂದು ಕೇಳುವವರಿಗೂ ಉತ್ತರವಿದೆ. 1951ರ ಡಿಸೆಂಬರ್‌ನಲ್ಲಿ ಸ್ಮಿತ್ ಅವರ ಇನ್ನೊಂದು ಪ್ರಬಂಧ ಪ್ರಕಟವಾಯಿತು. ದಕ್ಷಿಣ ಕೆರೊಲಿನಾದ ಬಡ ಜನರ ನಡುವೆ ದಾದಿಯಾಗಿಯೂ ಸೂಲಗಿತ್ತಿಯಾಗಿಯೂ ದುಡಿಯುತ್ತಿದ್ದ ಮಾಡ್ ಕ್ಯಾಲನ್ ಎಂಬ ಕರಿಯ ಜನಾಂಗದ ಮಹಿಳೆಯನ್ನು ಕುರಿತದ್ದು ಅದು. ಬಣ್ಣದ ಕಾರಣದಿಂದ ಮನುಷ್ಯರನ್ನು ಬೇರ್ಪಡಿಸುತ್ತಿದ್ದ ಕಾಲವದು. ಆ ಚಿತ್ರಗಳನ್ನು ಕಂಡ ಓದುಗರು ಯಾರೂ ಬೇಡದಿದ್ದರೂ ಹಣ ಕಳುಹಿಸತೊಡಗಿದರು. ಸಾವಿರಾರು ಡಾಲರುಗಳು ಸೇರಿದವು. ಆಕೆಯ ಊರಿನಲ್ಲಿ ಚಿಕಿತ್ಸಾಲಯವೊಂದು ಎದ್ದು ನಿಂತಿತು. ಸ್ಮಿತ್ ದಾನ ಮಾಡಿರೆಂದು ಯಾರನ್ನೂ ಕೇಳಿರಲಿಲ್ಲ. ಒಬ್ಬ ಮಹಾತಾಯಿಯ ಬಾಳನ್ನು ನೋಡಿರೆಂದು ತೋರಿಸಿದ್ದರು, ಅಷ್ಟೆ.

ಇಷ್ಟರವರೆಗೆ ಸ್ಮಿತ್ ಅವರನ್ನು ಹೊಗಳಿದ್ದಾಯಿತು. ಇನ್ನು ಅವರು ಎಡವಿದ ಸ್ಥಳವನ್ನೂ ನೋಡಬೇಕು. ಹಿರಿಯರ ಗುಣವನ್ನು ಕಲಿಯುವಂತೆಯೇ ಅವರ ತಪ್ಪಿನಿಂದಲೂ ಪಾಠ ಕಲಿಯುವುದು ವಿವೇಕಿಗಳ ಲಕ್ಷಣ.

ಸ್ಮಿತ್ ಅವರಿಗೆ ಚಿತ್ರ ತೆಗೆಯುವುದು ಎಷ್ಟು ಮುಖ್ಯವೋ ಕತ್ತಲೆಕೋಣೆಯಲ್ಲಿ ಅದನ್ನು ಕಾಗದದ ಮೇಲೆ ಮೂಡಿಸುವುದೂ ಅಷ್ಟೇ ಮುಖ್ಯವಾಗಿತ್ತು. ನೆಗೆಟಿವ್‌ನ ಮೂಲಕ ಹಾಯುವ ಬೆಳಕನ್ನು ಕೆಲವು ಕಡೆ ಕೈಯಿಂದ ಮರೆಮಾಡಿ, ಕೆಲವು ಕಡೆ ಹೆಚ್ಚು ಹೊತ್ತು ಬಿಟ್ಟು, ಕೆಲವು ಅಂಶಗಳನ್ನು ರಾಸಾಯನಿಕದಿಂದ ತಿಳಿಯಾಗಿಸಿ, ಒಂದೊಂದು ಪ್ರತಿಗಾಗಿ ಗಂಟೆಗಟ್ಟಲೆ ಶ್ರಮಿಸುತ್ತಿದ್ದರು. ಗಾಢವಾದ ಕಪ್ಪಿನ ನಡುವೆ ಹೊಳೆಯುವ ಮುಖ ಅವರ ಚಿತ್ರಗಳ ಗುರುತು. ಇದರಲ್ಲಿ ತಪ್ಪೇನೂ ಇಲ್ಲ. ಮಾತಾಡುವವನು ಮುಖ್ಯವಾದ ಪದವನ್ನು ಒತ್ತಿ ನುಡಿಯುವುದಿಲ್ಲವೆ? ಹಾಗೆಯೇ ಇದು.

ಆದರೆ 1954ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಆಫ್ರಿಕದ ಲಂಬಾರೆನೆ ಎಂಬಲ್ಲಿ ಆಸ್ಪತ್ರೆ ಕಟ್ಟಿ ಸೇವೆ ಸಲ್ಲಿಸುತ್ತಿದ್ದ, 1952ರ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಆಲ್ಬರ್ಟ್ ಷ್ವೈಟ್ಸರ್ ಅವರನ್ನು ಕುರಿತು ಸ್ಮಿತ್ ಒಂದು ಪ್ರಬಂಧ ಸಿದ್ಧಪಡಿಸಿದರು. ಅದರ ಒಂದು ಪ್ರಸಿದ್ಧ ಚಿತ್ರದಲ್ಲಿ ಷ್ವೈಟ್ಸರ್ ಕಟ್ಟಡದ ಕೆಲಸದ ನಡುವೆ ನಿಂತಿದ್ದಾರೆ. ಚಿತ್ರದ ಕೆಳಮೂಲೆಯಲ್ಲಿ ಗರಗಸದ ಹಿಡಿ ಮತ್ತು ಒಂದು ಕೈ ಕಪ್ಪು ನೆರಳಿನಂತೆ ಮೂಡಿವೆ. ನೋಡಲು ಬಹು ಸೊಗಸು. ಆದರೆ ಆ ಗರಗಸವೂ ಆ ಕೈಯೂ ಆ ಚಿತ್ರಕ್ಕೆ ಸೇರಿದವಲ್ಲ. ಇನ್ನೊಂದು ನೆಗೆಟಿವ್‌ನಿಂದ ತಂದು ಸೇರಿಸಿದವು. ಓದುಗರಿಗೆ ಈ ಸಂಗತಿ ತಿಳಿಸಿರಲಿಲ್ಲ. ವಿಪರ್ಯಾಸವೆಂದರೆ, ಅದೇ ಪ್ರಬಂಧವನ್ನು ಪತ್ರಿಕೆಯ ಸಂಪಾದಕರು ತಮಗೆ ಒಪ್ಪದ ರೀತಿಯಲ್ಲಿ ಅಳವಡಿಸಿದರೆಂದು ಪ್ರತಿಭಟಿಸಿ ಸ್ಮಿತ್ ಪತ್ರಿಕೆಯ ಕೆಲಸವನ್ನೇ ಬಿಟ್ಟರು. ತಮ್ಮ ಚಿತ್ರಗಳ ಪ್ರಾಮಾಣಿಕತೆಗಾಗಿ ಉದ್ಯೋಗವನ್ನು ತ್ಯಜಿಸಿದವರೇ ಒಂದು ಗರಗಸದ ಮೋಹಕ್ಕೆ ಒಳಗಾದರು!

'ಒಂದು ಗರಗಸದಿಂದ ಏನಾಯಿತು? ಅಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದುದು ನಿಜ ತಾನೆ? ಕವಿಯು ಇಲ್ಲದ್ದನ್ನು ಕಲ್ಪಿಸಿ ಹೇಳುವುದಿಲ್ಲವೆ?' ಎಂದು ಯಾರಾದರೂ ವಾದಿಸಬಹುದು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ನಾನು ಇದನ್ನು ಒಪ್ಪಲಾರೆ. ಕವಿಯು 'ಇದು ಕಾವ್ಯ' ಎಂದು ಹೇಳಿಯೇ ಆರಂಭಿಸುತ್ತಾನೆ. ಮುಖವನ್ನು ಚಂದ್ರನೆಂದು ಕರೆದರೆ ಆಕಾಶದಲ್ಲಿ ಚಂದ್ರನಿರುವನೋ ಎಂದು ಯಾರೂ ಹುಡುಕುವುದಿಲ್ಲ. ಪತ್ರಿಕೆಯ ಛಾಯಾಚಿತ್ರವಾದರೋ ಓದುಗನೊಡನೆ ಬೇರೊಂದು ಒಪ್ಪಂದ ಮಾಡಿಕೊಂಡಿದೆ: 'ನಾನು ಅಲ್ಲಿದ್ದೆ, ಇದು ಅಲ್ಲಿತ್ತು.' ಈ ಒಪ್ಪಂದವೇ ಅದರ ಬಲ. ಒಂದು ಸಣ್ಣ ಗರಗಸವನ್ನು ತಂದಿಟ್ಟರೂ ಒಪ್ಪಂದ ಮುರಿಯುತ್ತದೆ. ಇಂದು ಅಂದಕ್ಕಾಗಿ ಗರಗಸ, ನಾಳೆ ಅನುಕೂಲಕ್ಕಾಗಿ ಒಬ್ಬ ಮನುಷ್ಯ, ನಾಳಿದ್ದು ದ್ವೇಷಕ್ಕಾಗಿ ಒಂದು ಇಡೀ ಘಟನೆ! ಆದುದರಿಂದ ಇದ್ದದ್ದನ್ನು ಒತ್ತಿ ತೋರಿಸುವುದು ಕಲೆ. ಇಲ್ಲದ್ದನ್ನು ತಂದು ಸೇರಿಸುವುದು ವಂಚನೆ. ಇವೆರಡರ ನಡುವಿನ ಗೆರೆ ತೆಳುವಾದದ್ದು. ಪ್ರತಿಭಾವಂತನು ಅದನ್ನು ದಾಟಿದರೂ ಅದು ದಾಟಿದ್ದೇ.

ಚಿತ್ರದಲ್ಲಿ ಏನನ್ನೂ ಸೇರಿಸದೆಯೂ ತಪ್ಪು ಮಾಡಬಹುದೆಂಬುದನ್ನು ನನಗೆ ನನ್ನ ವೃತ್ತಿಯ ದಿನಗಳು ಕಲಿಸಿದವು. ಒಂದು ಮಳೆಗಾಲದಲ್ಲಿ ಹೊಳೆಯುಕ್ಕಿ, ನಾನು ಪಾಠ ಹೇಳುತ್ತಿದ್ದ ಶಾಲೆಯೇ ಸಂತ್ರಸ್ತರ ಆಶ್ರಯವಾಗಿತ್ತು. ಅನ್ನ ಬಡಿಸುವ ಹೊತ್ತಿಗೆ ಪತ್ರಿಕೆಯ ಛಾಯಾಗ್ರಾಹಕನೊಬ್ಬನು ಬಂದನು. ಆಗಲೇ ಊಟ ಮುಗಿಸಿದ್ದ ನನ್ನ ವಿದ್ಯಾರ್ಥಿಯೊಬ್ಬನನ್ನು ಕರೆದು, ಬರಿದಾದ ತಟ್ಟೆಯನ್ನು ಚಾಚಿ ನಿಲ್ಲುವಂತೆ ಹೇಳಿದನು. ಹುಡುಗ ನಿಂತನು. ಮರುದಿನ ಆ ಚಿತ್ರ ಅಚ್ಚಾಯಿತು, ಚೆನ್ನಾಗಿಯೇ ಇತ್ತು. ಅದನ್ನು ಕಂಡು ಯಾರಾದರೂ ಎರಡು ಮೂಟೆ ಅಕ್ಕಿ ಕಳುಹಿಸಿದ್ದರೂ ಕಳುಹಿಸಿರಬಹುದು. ಆದರೆ ಶಾಲೆ ಮತ್ತೆ ಆರಂಭವಾದಾಗ ಆ ಹುಡುಗ ಹಲವು ದಿನ ತರಗತಿಗೆ ಬರಲಿಲ್ಲ. ವಿಚಾರಿಸಲು ಮನೆಗೆ ಹೋದೆ. 'ನಾವು ಬಡವರೇ ಇರಬಹುದು ಮೇಷ್ಟ್ರೆ, ತಿರಿದು ತಿಂದವರಲ್ಲ' ಎಂದು ಅವನ ತಾಯಿ ಹೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹೊತ್ತಿನಲ್ಲಿ ಅಲ್ಲಿಯೇ ನಿಂತಿದ್ದ ನಾನು ಬೇಡವೆಂದು ಹೇಳಬಹುದಾಗಿತ್ತು. ಹೇಳಲಿಲ್ಲ ಎಂಬ ಕೊರಗು ಇಂದಿಗೂ ಉಳಿದಿದೆ. ಪರರ ಸಂಕಟವನ್ನು ಚಿತ್ರಿಸುವವನು ಅವರ ಮಾನವನ್ನೂ ಕಾಯಬೇಕೆಂದು ಅಂದು ನನಗೆ ಮನವರಿಕೆಯಾಯಿತು.

ಈ ಮಾತಿಗೆ ಸ್ಮಿತ್ ಅವರ ಬಾಳಿನ ಕೊನೆಯ ದೊಡ್ಡ ಕೆಲಸವೇ ಸಾಕ್ಷಿ. ಜಪಾನಿನ ಕ್ಯೂಷು ದ್ವೀಪದಲ್ಲಿ ಮಿನಮಾಟ ಎಂಬ ಊರಿದೆ. ಅಲ್ಲಿನ ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆಯು ಪಾದರಸದ ವಿಷವನ್ನು ಕೊಲ್ಲಿಯ ನೀರಿಗೆ ಬಿಡುತ್ತಿತ್ತು. ಆ ವಿಷ ಮೀನುಗಳ ದೇಹವನ್ನೂ, ಮೀನು ತಿಂದ ಬೆಕ್ಕುಗಳನ್ನೂ, ಕೊನೆಗೆ ಮನುಷ್ಯರನ್ನೂ ಸೇರಿತು. ಕೈಕಾಲುಗಳು ಸ್ವಾಧೀನ ತಪ್ಪಿದವು. ಮಾತು, ದೃಷ್ಟಿ ಕುಂದಿದವು. ತಾಯಿಯ ಗರ್ಭದಲ್ಲಿದ್ದ ಶಿಶುಗಳೂ ವಿಷಕ್ಕೆ ತುತ್ತಾದವು. ರೋಗವು ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ; ಆದರೂ ವಿಷ ಹರಿಯುವುದು ನಿಂತದ್ದು 1968ರಲ್ಲಿ. 1971ರಲ್ಲಿ ಸ್ಮಿತ್ ಮತ್ತು ಅವರ ಪತ್ನಿ ಐಲೀನ್ ಅಲ್ಲಿಗೆ ಹೋದರು. ಪ್ರವಾಸಿಗಳಂತೆ ಹೋಗಲಿಲ್ಲ, ಮನೆ ಹಿಡಿದು, ಆ ಜನರ ನಡುವೆ ಸುಮಾರು ಮೂರು ವರ್ಷ ಬಾಳಿದರು. 1972ರ ಜನವರಿಯಲ್ಲಿ ಕಂಪನಿಯ ಕಡೆಯವರು ಸ್ಮಿತ್ ಅವರನ್ನು ತೀವ್ರವಾಗಿ ಹೊಡೆದರು. ಅವರ ದೃಷ್ಟಿಗೇ ಪೆಟ್ಟಾಯಿತು. ಕಣ್ಣನ್ನೇ ನೆಚ್ಚಿದ ಕಲಾವಿದನಿಗೆ ಇದಕ್ಕಿಂತ ದೊಡ್ಡ ಆಘಾತವುಂಟೆ? ಆದರೂ ಅವರು ಹಿಂಜರಿಯಲಿಲ್ಲ. 1973ರ ಮಾರ್ಚಿಯಲ್ಲಿ ನ್ಯಾಯಾಲಯವು ಕಂಪನಿಯೇ ಹೊಣೆಯೆಂದು ರೋಗಿಗಳ ಪರವಾಗಿ ತೀರ್ಪಿತ್ತಿತು. ರೋಗಿಗಳ ದೀರ್ಘ ಹೋರಾಟಕ್ಕೆ ಸಂದ ಜಯವದು. ಆ ಹೋರಾಟವನ್ನು ಲೋಕದ ಕಣ್ಣಿಗೆ ತಂದವರಲ್ಲಿ ಈ ದಂಪತಿಗಳೂ ಸೇರಿದ್ದಾರೆ.

ಮಿನಮಾಟದ ಚಿತ್ರಗಳಲ್ಲೆಲ್ಲ ಶಿಖರಪ್ರಾಯವಾದದ್ದು 1971ರ ಡಿಸೆಂಬರ್‌ನಲ್ಲಿ ತೆಗೆದದ್ದು. ಗರ್ಭದಲ್ಲಿಯೇ ವಿಷಕ್ಕೆ ಗುರಿಯಾಗಿ, ಮೈ ಸೆಟೆದು ಹುಟ್ಟಿದ ಮಗಳನ್ನು ತಾಯಿಯು ತೊಟ್ಟಿಯ ನೀರಿನಲ್ಲಿ ತೋಳುಗಳ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸುತ್ತಿದ್ದಾಳೆ. ಸುತ್ತಲೂ ಕತ್ತಲು. ತಾಯಿಯ ನೋಟ ಮಗಳ ಮುಖದಲ್ಲಿ ನೆಟ್ಟಿದೆ. ನೋಡಿದವರಿಗೆ ಮೊದಲು ಕಾಣುವುದು ರೋಗವಲ್ಲ, ವಾತ್ಸಲ್ಯ. ಆ ವಾತ್ಸಲ್ಯವನ್ನು ಕಂಡ ಮೇಲೆಯೇ ಆ ಅನ್ಯಾಯ ಎಷ್ಟು ದೊಡ್ಡದೆಂದು ಅರಿವಾಗುತ್ತದೆ. ತಂದೆತಾಯಿಗಳ ಒಪ್ಪಿಗೆಯಿಂದಲೇ ತೆಗೆದ ಚಿತ್ರವಿದು. ಆ ಮಗಳು 1977ರಲ್ಲಿ ತೀರಿಕೊಂಡಳು. ಮರುವರ್ಷ, 1978ರಲ್ಲಿ, ಸ್ಮಿತ್ ಕೂಡ ಕಾಲವಾದರು.

ಆದರೆ ಚಿತ್ರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಲೋಕದ ಎಲ್ಲೆಡೆ ಅದು ಮತ್ತೆ ಮತ್ತೆ ಅಚ್ಚಾಗುತ್ತಿದ್ದುದನ್ನು ಕಂಡು, ಮಗಳಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ತಂದೆತಾಯಿಗಳು ಬಯಸಿದರು. ಐಲೀನ್ ಅವರಿಗೆ ಇದು ಧರ್ಮಸಂಕಟ. ಒಂದು ಕಡೆ ಲೋಕವನ್ನು ಎಚ್ಚರಿಸಿದ ಮಹಾಕೃತಿ. ಇನ್ನೊಂದು ಕಡೆ ಹೆತ್ತವರ ನೋವು. 1998ರಲ್ಲಿ ಅವರು ಆ ಚಿತ್ರವನ್ನು ಕುರಿತು ನಿರ್ಣಯಿಸುವ ಹಕ್ಕನ್ನು ತಂದೆತಾಯಿಗಳಿಗೇ ಒಪ್ಪಿಸಿದರು. ಅನಂತರ ಬಹುಕಾಲ ಅದನ್ನು ಹೊಸದಾಗಿ ಪ್ರಕಟಿಸಲು ಅನುಮತಿ ಕೊಡಲಿಲ್ಲ. ಇದು ಕಲೆಗೆ ನಷ್ಟವೆಂದು ಕೆಲವರು ನೊಂದುಕೊಂಡರು. ಅವರ ಅಭಿಪ್ರಾಯದಲ್ಲಿಯೂ ತಥ್ಯವಿಲ್ಲದಿಲ್ಲ; ಅನ್ಯಾಯದ ಸಾಕ್ಷಿ ಮರೆಯಾಗಬಾರದು. ಆದರೂ, ಚಿತ್ರವನ್ನು ತೆಗೆದವರಿಗಿಂತ ಅದರಲ್ಲಿ ಇರುವವರ ಹಕ್ಕು ದೊಡ್ಡದೆಂದು ಒಪ್ಪಿಕೊಂಡ ಆ ನಿರ್ಧಾರಕ್ಕೆ ನನ್ನ ಮನಸ್ಸು ತಲೆಬಾಗುತ್ತದೆ.

ಇಂತಹ ಕಣ್ಣು ದೂರದ ದೇಶಗಳಿಗೆ ಮಾತ್ರ ಮೀಸಲಲ್ಲ. 1923ರಲ್ಲಿ ಮೈಸೂರಿನಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರು ನಮ್ಮ ನಾಡು ಕಂಡ ಹಿರಿಯ ಪತ್ರಿಕಾ ಛಾಯಾಗ್ರಾಹಕರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕಾರ್ಯವನ್ನು ಅವರು ಚಿತ್ರಗಳಲ್ಲಿ ದಾಖಲಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್ ನಗರದ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶಿತವಾದವು. 2009ರಲ್ಲಿ ಅವರು ಮೈಸೂರಿನಲ್ಲಿಯೇ ನಿಧನರಾದರು. ಸತ್ಯನ್ ಅವರ ಚಿತ್ರಗಳಲ್ಲಿ ಸಾಮಾನ್ಯ ಜನರೇ ನಾಯಕರು. ಬಡತನವಿದ್ದರೂ ಅಲ್ಲಿ ದೈನ್ಯವಿಲ್ಲ. ನನ್ನ ವಿದ್ಯಾರ್ಥಿಯ ಎದುರಿಗೆ ಅಂದು ಇಂತಹವರೊಬ್ಬರು ನಿಂತಿದ್ದರೆ ಅವನ ತಾಯಿ ನೊಂದುಕೊಳ್ಳಬೇಕಾಗುತ್ತಿರಲಿಲ್ಲ.

ಸ್ಮಿತ್ ಅವರ ಕಾಲದಲ್ಲಿ ಗರಗಸದ ಹಿಡಿಯೊಂದನ್ನು ಸೇರಿಸಲು ಕತ್ತಲೆಕೋಣೆಯಲ್ಲಿ ಬಹಳ ಶ್ರಮಪಡಬೇಕಾಗಿತ್ತು. ಇಂದು ಆ ಶ್ರಮವೂ ಬೇಕಿಲ್ಲ. ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿಯೇ ಕ್ಯಾಮೆರಾ ಇದೆ. ಇದ್ದದ್ದನ್ನು ಅಳಿಸುವ, ಇಲ್ಲದ್ದನ್ನು ಬರೆಯುವ ಉಪಾಯವೂ ಅದರಲ್ಲಿಯೇ ಇದೆ. ಎಂದೂ ನಡೆಯದ ಘಟನೆಯ ಚಿತ್ರವನ್ನು ಯಂತ್ರವೇ ಕ್ಷಣಾರ್ಧದಲ್ಲಿ ರಚಿಸಿಕೊಡುತ್ತದೆ. ಆದುದರಿಂದ ಹಿಂದೆ ಛಾಯಾಗ್ರಾಹಕನೊಬ್ಬನದೇ ಆಗಿದ್ದ ಹೊಣೆ ಇಂದು ನಮ್ಮೆಲ್ಲರ ಹೆಗಲಿಗೂ ಬಂದಿದೆ. ಬಿದ್ದವನನ್ನು ಎತ್ತುವ ಮೊದಲು ಅವನ ಚಿತ್ರ ತೆಗೆಯಬೇಕೆ? ಸಹಪಾಠಿಯೊಬ್ಬನು ಅಳುತ್ತಿರುವ ಚಿತ್ರವನ್ನು ಹತ್ತು ಜನಕ್ಕೆ ಕಳುಹಿಸಬೇಕೆ? ಒಂದು ಚಿತ್ರ ನಮ್ಮಲ್ಲಿ ಕೋಪವನ್ನು ಕೆರಳಿಸಿದಾಗ ಅದು ಎಲ್ಲಿ, ಎಂದು, ಯಾರು ತೆಗೆದದ್ದೆಂದು ವಿಚಾರಿಸಬೇಡವೆ? ಇವು ಇನ್ನು ಮುಂದೆ ಪತ್ರಿಕಾಲಯದ ಪ್ರಶ್ನೆಗಳಷ್ಟೇ ಅಲ್ಲ. ಮನೆಯ, ಶಾಲೆಯ, ಬೀದಿಯ ಪ್ರಶ್ನೆಗಳು.

ಛಾಯಾಗ್ರಹಣವು ಕಲೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಪತ್ರಿಕೆಯ ಪುಟದಲ್ಲಿ ಆ ಕಲೆಯ ಸೊಬಗು ಸತ್ಯವನ್ನು ಅಲಂಕರಿಸುವುದರಲ್ಲಿಲ್ಲ. ಸತ್ಯವು ತಾನಾಗಿ ಮುಖ ತೋರುವವರೆಗೂ ಕಾಯುವುದರಲ್ಲಿದೆ, ಎದುರಿಗೆ ನಿಂತವರನ್ನು ನಮ್ಮಂತೆಯೇ ಮಾನವುಳ್ಳವರೆಂದು ಕಾಣುವುದರಲ್ಲಿದೆ. ಹಿರಿಯರ ಮಾತಿಗೆ ಇನ್ನೊಂದು ಮಾತನ್ನು ಸೇರಿಸುವ ಸಾಹಸ ಮಾಡುತ್ತೇನೆ: ಕಂಡದ್ದನ್ನು ಪ್ರಮಾಣಿಸಿ ನೋಡು, ಕಾಣಿಸುವ ಮುನ್ನ ನಿನ್ನನ್ನೇ ಪ್ರಮಾಣಿಸಿ ನೋಡು.